ಶಿರಸಿಯಲ್ಲಿ ಗಿನಿಪಿಗ್ ನೋಡೋ ಡಾಕ್ಟ್ರು ಇದಾರೆ, ಗಾಬರಿ ಆಗ್ಬೇಡಿ

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಮನೇಲಿ ಗಿನಿಪಿಗ್ (ಇಲಿ ಜಾತಿಯ, ಬಾಲ ಇಲ್ಲದ ಸಣ್ಣ ಸಾಕುಪ್ರಾಣಿ) ಸಾಕಿದವರು ಯಾರಾದ್ರೂ ಇದ್ರೆ ಇದನ್ನ ಪೂರ್ತಿ ಓದಿ. ಸ್ವಲ್ಪ ಉದ್ದ ಆಗುತ್ತೆ, ಆದ್ರೆ ಅವು ಹುಷಾರು ತಪ್ಪಿದಾಗ ಯಾರ ಹತ್ರ ಹೋಗೋದು ಅಂತ ನಮ್ಮ ಕಡೆ ಯಾರಿಗೂ ಗೊತ್ತಿರಲ್ಲ, ದನ ಆದ್ರೆ ಸರ್ಕಾರಿ ಪಶು ಆಸ್ಪತ್ರೆ ಇದೆ, 1962ಕ್ಕೆ ಫೋನ್ ಮಾಡಿದ್ರೆ ಗಾಡೀನೂ ಬರುತ್ತೆ, ನಾಯಿಗೂ ಡಾಕ್ಟ್ರು ಸಿಗ್ತಾರೆ, ಅಂಗೈ ಅಗಲದ ಈ ಪ್ರಾಣಿಗೆ ಯಾರು? ನಾನು ಬರೀತಾ ಇರೋದು ಶಿರಸಿ ಪೇಟೆಯಲ್ಲೇ ಇರೋ ಒಂದು ಪ್ರೈವೇಟ್ ಪಶು ಕ್ಲಿನಿಕ್ ಬಗ್ಗೆ. ಹೆಸ್ರು, ನಂಬರ್ ಹಾಕಿಲ್ಲ, ಹಾಕ್ಲಾ ಅಂತ ಕೇಳ್ದೆ, ಬೇಡ ಅಂದ್ರು ಡಾಕ್ಟ್ರು, ಇರೋ ಕೇಸಿಗೇ ಟೈಮ್ ಸಾಲ್ತಿಲ್ಲ ಅಂತೆ. ಪೇಟೆಯಲ್ಲಿ ನಾಯಿ ಸಾಕಿದ ಯಾರನ್ನ ಕೇಳಿದ್ರೂ ದಾರಿ ಹೇಳ್ತಾರೆ.

ನಮ್ಮನೇಲಿ ಎರಡು ಇದಾವೆ, ಕಡ್ಲೆ ಮತ್ತೆ ಬೆಲ್ಲ, ಎರಡೂ ಹೆಣ್ಣು. ನಾವಿರೋದು ಹುಲೇಕಲ್ ಕಡೆ. ಮಳೆಗಾಲ ಜೋರಿದ್ದಾಗ ಆಗಿದ್ದು ಇದು. ಕಡ್ಲೆ ಬೆಳಗ್ಗೆ ಸರೀನೇ ಇದ್ಲು, ಫ್ರಿಜ್ ಬಾಗಿಲು ತೆಗೆದ ಸದ್ದು ಕೇಳಿದ್ರೆ ಸಾಕು ವೀಕ್ ವೀಕ್ ಅಂತ ಕೂಗಿ ಮನೆ ಎಬ್ಬಿಸೋದು, ಸಂಜೆ ಕೊತ್ತಂಬರಿ ಕಡ್ಡಿ ಮೂಗಿನ ಹತ್ರ ಹಿಡಿದ್ರೂ ಮುಖ ತಿರುಗಿಸಿದ್ಲು. ಮೈಕೂದಲು ನಿಮಿರಿ ನಿಂತಿತ್ತು, ಕಣ್ಣು ಅರ್ಧ ಮುಚ್ಚಿತ್ತು, ಬೆನ್ನು ಗೂನು ಮಾಡ್ಕೊಂಡು ಮೂಲೇಲಿ ಕೂತಿದ್ಲು, ಕಿವಿ ಹತ್ರ ಇಟ್ಟು ಕೇಳಿದ್ರೆ ಹಲ್ಲು ಕಡಿಯೋ ಸಣ್ಣ ಸದ್ದು. ಅವಳು ಯಾವಾಗ್ಲೂ ಹಿಕ್ಕೆ ಹಾಕೋ ಜಾಗದಲ್ಲಿ ಹೊಸ ಹಿಕ್ಕೆ ಒಂದೂ ಇರ್ಲಿಲ್ಲ. ನಮ್ಮ ಮಾಣಿ, ಅಂದ್ರೆ ಮಗ, ಅದನ್ನ ಮೊದ್ಲು ನೋಡಿದ್ದು, "ಆಯಿ, ಇವಳು ಮಧ್ಯಾಹ್ನದಿಂದ ಎಂತದೂ ಹಾಕಿಲ್ಲೆ" ಅಂತ ಓಡಿ ಬಂದ.

ಆ ರಾತ್ರಿ ಬೇರೆ ಊರಿನ ಒಂದು ಕಡೆಗೆ ಫೋನ್ ಮಾಡಿದ್ವಿ, ಯಾವ ಊರು ಯಾರು ಅನ್ನೋದು ಬೇಡ, ಅವರು ಪ್ರಾಣಿ ನೋಡ್ಲಿಲ್ಲ, ತೂಕ ಕೇಳ್ಲಿಲ್ಲ, ಮಕ್ಕಳಿಗೆ ಕೊಡೋ ಅಮಾಕ್ಸಿಸಿಲಿನ್ ಡ್ರಾಪ್ಸ್ ಎರಡು ಹನಿ ಹಾಕಿ ಸರಿ ಹೋಗುತ್ತೆ ಅಂದ್ಬಿಟ್ರು. ನೋಡದೇ ಹೇಳಿದ ಔಷಧಿ ಬೇಡ ಅಂತ ನಮ್ಮನೆಯವರು ಹಟ ಹಿಡಿದ್ರು, ಅದೇ ಉಳಿಸ್ತು ಅಂತ ನಾನು ಈಗ್ಲೂ ಅಂದ್ಕೋತೀನಿ. ಯಾಕೆ ಅಂತ ಮುಂದೆ ಹೇಳ್ತೀನಿ.

ಆಮೇಲೆ ನಮ್ಮ ಪಕ್ಕದ ಮನೆಯವರ ಹತ್ರ ಈ ಕ್ಲಿನಿಕ್ ಡಾಕ್ಟ್ರ ನಂಬರ್ ಸಿಕ್ತು. ಕರೆಂಟಿಲ್ಲ, ನೆಟ್‌ವರ್ಕ್ ಅಂಗಳದ ತುದಿಗೆ ಹೋದ್ರೆ ಮಾತ್ರ, ಕೊಡೆ ಹಿಡ್ಕೊಂಡು ನಿಂತು ಮಾತಾಡಿದ್ದು. ಫೋನ್ ಎತ್ತಿದ್ರು, ಅಷ್ಟೊತ್ತಿಗೆ ಎತ್ತಿದ್ದೇ ದೊಡ್ಡದು. ಅವರು ಮೊದ್ಲು ಹೇಳಿದ ಮಾತು ನನಗೆ ಬಹಳ ಇಷ್ಟ ಆಯ್ತು, "ನೋಡಿ, ನನ್ನ ಹತ್ರ ಗಿನಿಪಿಗ್ ಕೇಸು ಅಪರೂಪಕ್ಕೆ ಬರೋದು, ಆದ್ರೆ ಇದು ಊಟ ಬಿಟ್ರೆ ನಾಳೆ ನಾಡಿದ್ದು ಅಂತ ಕಾಯೋ ಪ್ರಾಣಿ ಅಲ್ಲ, ಬೆಳಗ್ಗೆ ಏಳೂವರೆಗೇ ಕರ್ಕೊಂಡು ಬನ್ನಿ, ಎಂಟರ ಮೇಲೆ ನಾನು ದನ ನೋಡೋಕೆ ಹಳ್ಳಿ ಕಡೆ ಹೊರಡ್ತೀನಿ." ಗೊತ್ತಿಲ್ಲದ್ದನ್ನ ಗೊತ್ತು ಅನ್ನದೇ, ಗೊತ್ತಿರೋದನ್ನ ಮಾತ್ರ ಖಚಿತವಾಗಿ ಹೇಳಿದ್ರು. ಬೆಚ್ಚಗೆ ಇಡಿ, ಬಾಟ್ಲಿಗೆ ಬಿಸಿನೀರು ಹಾಕಿ ಟವೆಲ್ ಸುತ್ತಿ ಪಕ್ಕದಲ್ಲಿಡಿ, ಬೇಡ ಅನ್ಸಿದ್ರೆ ಅದೇ ದೂರ ಹೋಗೋಕೆ ಜಾಗ ಇರ್ಲಿ, ಯಾವ ಆಂಟಿಬಯಾಟಿಕ್ಕೂ ಹಾಕ್ಬೇಡಿ, ಬರೋವಾಗ ಜೊತೆಗಿರೋ ಇನ್ನೊಂದನ್ನೂ ತನ್ನಿ, ಕೊಡ್ತಿರೋ ಫೀಡಿನ ಪ್ಯಾಕೆಟ್ ತನ್ನಿ, ಹಳೇ ಹಿಕ್ಕೆ ಇದ್ರೆ ಅದನ್ನೂ ಒಂದು ಕವರಲ್ಲಿ ತನ್ನಿ. ಇಷ್ಟು ಫೋನಲ್ಲೇ.

ಬೆಳಗ್ಗೆ ಹೋದಾಗ ಹೊರಗಿನ ಬೆಂಚಲ್ಲಿ ಒಂದು ಲ್ಯಾಬ್ರಡಾರ್ ಇತ್ತು, ಅದರ ವಾಸನೆಗೇ ಬೆಲ್ಲ ಡಬ್ಬದೊಳಗೆ ಕಲ್ಲಿನ ಹಾಗೆ ಕೂತ್ಬಿಟ್ಲು. ಕಾಂಪೌಂಡರ್ ಇದನ್ನ ನೋಡಿ ನಮ್ಮನ್ನ ನೇರ ಒಳಗಿನ ರೂಮಿಗೆ ಕರೆದ್ರು. ಅಲ್ಲಿ ಕಾಯೋಕೆ ಬೇರೆ ಜಾಗ ಇಲ್ಲ, ಇದು ಕ್ಲಿನಿಕ್ಕಿನ ಒಂದು ಕೊರತೆ, ಗಿನಿಪಿಗ್ಗಿಗೆ ಹೆದರಿಕೆ ಆಗೋದು ಒಂದಾದ್ರೆ ನಾಯಿ ಮೊಲಗಳಿಂದ ಬೋರ್ಡಟೆಲ್ಲಾ ಅನ್ನೋ ಸೋಂಕು ತಗುಲಿ ನ್ಯುಮೋನಿಯಾ ಆಗೋದೂ ಉಂಟಂತೆ, ನಾಯಿಗೆ ಏನೂ ಆಗಿರಲ್ಲ, ಇವಕ್ಕೆ ಜೀವಕ್ಕೇ ಬರುತ್ತೆ. ಹೋಗೋರು ಡಬ್ಬದ ಮೇಲೊಂದು ತೆಳು ಬಟ್ಟೆ ಹಾಕ್ಕೊಂಡು ಹೋಗಿ, ನಾಯಿ ಇದ್ರೆ ಗಾಡಿಯಲ್ಲೇ ಕೂತು ಒಳಗೆ ಹೇಳಿ ಕಳ್ಸಿ, ಕರೀತಾರೆ.

ಪರೀಕ್ಷೆ ಮಾಡಿದ ರೀತಿ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ಒಳ್ಳೇ ಡಾಕ್ಟ್ರು ಹೌದೋ ಅಲ್ವೋ ಅಂತ ಇದರಲ್ಲೇ ಗೊತ್ತಾಗೋದು. ಮೊದ್ಲು ಮುಟ್ಟಲೇ ಇಲ್ಲ, ಡಬ್ಬದಲ್ಲೇ ಬಿಟ್ಟು ಉಸಿರಾಟ ನೋಡಿದ್ರು. ಆಮೇಲೆ ತೂಕ. ದೊಡ್ಡ ನಾಯಿ ನಿಲ್ಸೋ ತಕ್ಕಡಿ ಇದ್ರೂ ಅದು ಬೇಡ ಅಂತ ಸಣ್ಣ ಡಿಜಿಟಲ್ ತಕ್ಕಡಿ ಮೇಲೆ ಸ್ಟೀಲ್ ಬೋಗುಣಿ ಇಟ್ಟು ಅದರೊಳಗೆ ಕೂರ್ಸಿದ್ರು, 780 ಗ್ರಾಂ. ನಮ್ಮ ಮಾಣಿ ವಾರ ವಾರ ಅಡುಗೆಮನೆ ತಕ್ಕಡಿಯಲ್ಲಿ ತೂಗಿ ಪಟ್ಟಿಯಲ್ಲಿ ಬರೆದಿಡ್ತಾನೆ, ಹಿಂದಿನ ವಾರ 850 ಇತ್ತು. ಆ ಪಟ್ಟಿ ನೋಡಿ ಡಾಕ್ಟ್ರು ಅವನ ಬೆನ್ನು ತಟ್ಟಿದ್ರು. ಜ್ವರದ ಕಡ್ಡಿ ಇಟ್ಟು ನೋಡಿದ್ರು, ಇವಕ್ಕೆ ಸಾಮಾನ್ಯವಾಗಿ 37ರಿಂದ 39 ಡಿಗ್ರಿ ಇರುತ್ತಂತೆ, ಕಡ್ಲೆಗೆ 37ಕ್ಕಿಂತ ಕೆಳಗಿತ್ತು. ಜ್ವರ ಬರೋದಕ್ಕಿಂತ ಮೈ ತಣ್ಣಗಾಗೋದು ಇವಕ್ಕೆ ಹೆಚ್ಚು ಕೆಟ್ಟದ್ದು ಅಂದ್ರು. ಕಿವಿ ನೋಡೋ ಟಾರ್ಚ್ ಬಾಯೊಳಗೆ ಹಾಕಿ ದವಡೆ ಹಲ್ಲು ನೋಡಿದ್ರು, ಗಿನಿಪಿಗ್ಗಿಗೆ ಇರೋ 20 ಹಲ್ಲೂ ಬದುಕಿರೋ ತನಕ ಬೆಳೀತಾನೇ ಇರ್ತಾವಂತೆ, ಮುಂದಿಂದು ಮಾತ್ರ ಅಲ್ಲ, ಹಿಂದಿಂದೂ, ನಾರು ಅಗಿದು ಸವೀದೇ ಇದ್ರೆ ದವಡೆ ಹಲ್ಲು ಓರೆ ಬೆಳೆದು ನಾಲಿಗೆಗೆ ಚುಚ್ಚುತ್ತೆ, ಊಟ ಬಿಡೋಕೆ ಅದೂ ಒಂದು ದೊಡ್ಡ ಕಾರಣ. ಇವಳದ್ದು ಸರಿ ಇತ್ತು.

ಹೊಟ್ಟೆ ಮೇಲೆ ಸ್ಟೆತಾಸ್ಕೋಪ್ ಇಟ್ಟು ತುಂಬಾ ಹೊತ್ತು ಕೇಳಿದ್ರು. ಆಮೇಲೆ ಅದನ್ನ ನನ್ನ ಕಿವಿಗೆ ಹಾಕಿ ಮೊದ್ಲು ಬೆಲ್ಲನ ಹೊಟ್ಟೆ ಕೇಳ್ಸಿದ್ರು, ಗುಳು ಗುಳು ಅಂತ ಒಂದೇ ಸಮ ಸದ್ದು. ಕಡ್ಲೆ ಹೊಟ್ಟೇಲಿ ಏನೂ ಇಲ್ಲ. ಎರಡನ್ನೂ ತರೋಕೆ ಯಾಕೆ ಹೇಳಿದ್ರು ಅಂತ ಆಗ ಅರ್ಥ ಆಯ್ತು, ಆರಾಮಿರೋ ಹೊಟ್ಟೆ ಹೇಗಿರುತ್ತೆ ಅಂತ ಕೇಳಿದ್ರೆ ಮನೇಲಿ ನಾವೂ ಕಿವಿ ಇಟ್ಟು ತಿಳ್ಕೋಬಹುದು. ಜೊತೆಗಾರ್ತಿ ಪಕ್ಕ ಇದ್ರೆ ಹುಷಾರಿಲ್ಲದ್ದು ಬೇಗ ಊಟಕ್ಕೆ ಬರುತ್ತೆ ಅಂತಾನೂ ಹೇಳಿದ್ರು.

ಅವರು ಹೇಳಿದ್ದು ಕರುಳು ನಿಂತಿದೆ ಅಂತ. ನಮ್ಮ ಕಡೆ ದನಕ್ಕೆ ಹೊಟ್ಟೆ ಉಬ್ಬರ ಬರುತ್ತಲ್ಲ, ಅದರಷ್ಟೇ ಅರ್ಜೆಂಟು, ಆದ್ರೆ ಜಾಗ ಬೇರೆ. ದನ ಹುಲ್ಲನ್ನ ಮುಂದಿನ ಹೊಟ್ಟೇಲಿ ಹುದುಗಿಸಿ ಮೆಲುಕು ಹಾಕುತ್ತೆ, ಗಿನಿಪಿಗ್ಗಿಗೆ ಹುದುಗೋದು ಹಿಂದೆ, ಸೀಕಂ ಅನ್ನೋ ದೊಡ್ಡ ಚೀಲದಲ್ಲಿ. ಮೇಲಿಂದ ನಾರು ಬರ್ತಾ ಇದ್ರೆ ಮಾತ್ರ ಕರುಳು ನಡೆಯುತ್ತೆ, ಬರೋದು ನಿಂತ್ರೆ ಕರುಳೂ ನಿಧಾನ, ಒಳಗಿದ್ದದ್ದು ಒಣಗುತ್ತೆ, ಗ್ಯಾಸ್ ತುಂಬುತ್ತೆ, ನೋವಾಗುತ್ತೆ, ನೋವಿಗೆ ಇನ್ನೂ ತಿನ್ನಲ್ಲ. ವಾಂತಿ ಮಾಡೋ ಶಕ್ತೀನೂ ದೇವರು ಕೊಟ್ಟಿಲ್ಲ ಇವಕ್ಕೆ. ಹನ್ನೆರಡು ಗಂಟೆ ಏನೂ ತಿನ್ನದೇ ಇದ್ರೆ ಅಪಾಯ ಶುರು ಅಂತ ಲೆಕ್ಕ ಇಟ್ಕೊಳ್ಳಿ ಅಂದ್ರು. ಜೊತೆಗೆ ಇವು ಬೇಟೆಗೆ ಸಿಗೋ ಜಾತಿಯವು, ಹುಷಾರಿಲ್ಲ ಅಂತ ಕೊನೇ ತನಕ ತೋರ್ಸಲ್ಲ, ನಮ್ಮ ಕಣ್ಣಿಗೆ "ಸಡನ್ನಾಗಿ" ಅನ್ಸೋದು ಒಳಗೆ ಮೊದ್ಲೇ ಶುರುವಾಗಿರುತ್ತೆ.

ಕಾರಣ ಹುಡುಕೋಕೆ ಅವರು ಕೇಳಿದ ಪ್ರಶ್ನೆಗಳಿಗೆ ನಾನು ಫುಲ್ ಮಾರ್ಕ್ಸ್ ಕೊಡ್ತೀನಿ. "ಹುಲ್ಲು ಎಲ್ಲಿಂದ ತರ್ತೀರಿ, ತೋಟದಿಂದನಾ? ಕೊಳೆ ಮದ್ದು ಹೊಡೆಸಿ ಆಯ್ತಾ?" ಅಂತ ಕೇಳಿದ್ರು. ಇದು ನಮ್ಮ ಊರಿನ ಡಾಕ್ಟ್ರಿಗೆ ಮಾತ್ರ ಹೊಳೆಯೋ ಪ್ರಶ್ನೆ ನೋಡಿ. ಮಳೆಗಾಲದಲ್ಲಿ ಕೊಳೆ ರೋಗ ಬರದ ಹಾಗೆ ಅಡಿಕೆಗೆ ಬೋರ್ಡೋ ದ್ರಾವಣ ಹೊಡೀತೀವಿ, ಅದರ ಮೈಲುತುತ್ತ ಸುಣ್ಣ ಎಲ್ಲ ಅಡಿಕೆ ಗೊನೆಯಿಂದ ಇಳಿದು ಕೆಳಗಿನ ಹುಲ್ಲಿಗೇ ಬೀಳೋದು, ಮೈಲುತುತ್ತ ಅಂದ್ರೆ ತಾಮ್ರ, ಒಂದು ಕೆಜಿ ಇಲ್ಲದ ಪ್ರಾಣಿಗೆ ಅದು ವಿಷ. ನಾವು ತರೋದು ಅಂಗಳದಾಚೆ ಬೇಲಿ ಬದಿಯ ಗರಿಕೆ, ತೋಟದ್ದಲ್ಲ. ಕೆಸುವಿನ ಎಲೆ ಹಾಕ್ತೀರಾ ಅಂತಾನೂ ಕೇಳಿದ್ರು, ಅದರ ತುರಿಕೆ ಬಾಯಿ ಗಂಟಲು ಸುಡುತ್ತೆ ಅಂತ. ಅದನ್ನೂ ನಾವು ಹಾಕಲ್ಲ.

ಆಮೇಲೆ ಫೀಡಿನ ಪ್ಯಾಕೆಟ್ ತಿರುಗಿಸಿ ನೋಡಿದ್ರು. ದೊಡ್ಡ ಊರಿನ ಒಂದು ಪೆಟ್ ಶಾಪಿಂದ ಆನ್‌ಲೈನಲ್ಲಿ ತರ್ಸಿದ್ದು, ಗಿನಿಪಿಗ್ ಫುಡ್ ಅಂತಾನೇ ಬರೆದಿತ್ತು, ಸುರಿದು ನೋಡಿದ್ರೆ ಮುಕ್ಕಾಲು ಪಾಲು ಒಡೆದ ಮೆಕ್ಕೆಜೋಳ, ಸೂರ್ಯಕಾಂತಿ ಬೀಜ, ಬಣ್ಣದ ಚೂರು. ತಯಾರಾದ ತಾರೀಕು ಇದ್ದ ಕಡೆ ಅಂಗಡಿಯವರ ಸ್ಟಿಕರ್ ಅಂಟಿಸಿದ್ರು, ಡಾಕ್ಟ್ರು ಉಗುರಲ್ಲಿ ಅದನ್ನ ಕೆರೆದು ತೆಗೆದ್ರು, ಆರು ತಿಂಗಳು ದಾಟಿತ್ತು. ನನಗೆ ಅಲ್ಲೇ ಮೈ ಉರೀತು. ಗಿನಿಪಿಗ್ಗಿಗೆ ಮನುಷ್ಯರ ಹಾಗೇ ಮೈಯಲ್ಲಿ ವಿಟಮಿನ್ ಸಿ ತಯಾರಾಗಲ್ಲ, ದಿನಾ ಹೊಟ್ಟೆಗೇ ಹೋಗ್ಬೇಕು, ಕೆಜಿ ತೂಕಕ್ಕೆ 10ರಿಂದ 30 ಮಿಲಿಗ್ರಾಂ. ಪೆಲೆಟ್ಟಲ್ಲಿ, ಅಂದ್ರೆ ಒತ್ತಿ ಗುಳಿಗೆ ಥರ ಮಾಡಿದ ಫೀಡಲ್ಲಿ, ಹಾಕಿದ ವಿಟಮಿನ್ ಸಿ ತಯಾರಾಗಿ ಮೂರು ತಿಂಗಳ ಮೇಲೆ ನಂಬೋ ಹಾಗಿಲ್ಲ, ನಮ್ಮ ಮಳೆಗಾಲದ ತೇವಕ್ಕೆ ಇನ್ನೂ ಬೇಗ ಹೋಗುತ್ತೆ. ಕಡಿಮೆ ಆದ್ರೆ ಮಂಕಾಗುತ್ತೆ, ಸಂದು ಬಾಯುತ್ತೆ, ವಸಡಲ್ಲಿ ರಕ್ತ, ಕುಂಟೋದು. ಕಡ್ಲೆ ಕಾಲಿನ ಸಂದು ಒಂದೊಂದೇ ಒತ್ತಿ ನೋಡಿದ್ರು, ಬಾವಿರ್ಲಿಲ್ಲ, ದಿನಾ ಪೇರಲೆ, ಕೊತ್ತಂಬರಿ ಹೋಗ್ತಿತ್ತಲ್ಲ. ಇದೇ ಕಾರಣ ಅಂತ ಅವರು ಒಂದನ್ನ ಬೆರಳು ಮಾಡಿ ಹೇಳ್ಲಿಲ್ಲ, ಕಾಳು ಬೀಜ ಜಾಸ್ತಿ ಆಗಿ ನಾರು ಕಡಿಮೆ ಆಗಿದ್ರೆ ಕರುಳು ಕೆಡೋಕೆ ಅಷ್ಟೇ ಸಾಕು ಅಂದ್ರು. ಆ ಪ್ಯಾಕೆಟ್ ಅಲ್ಲೇ ಕಸದ ಬುಟ್ಟಿಗೆ ಹೋಯ್ತು.

ಈಗ ಆ ಅಮಾಕ್ಸಿಸಿಲಿನ್ ವಿಷಯ. ರಾತ್ರಿ ಯಾರೋ ಹೀಗೆ ಹೇಳಿದ್ರು ಅಂದ ತಕ್ಷಣ ಡಾಕ್ಟ್ರ ಮುಖ ಬದಲಾಯ್ತು, "ಕೊಟ್ರಾ?" ಅಂತ ಎರಡೆರಡು ಸಲ ಕೇಳಿದ್ರು. ಪೆನಿಸಿಲಿನ್ ಜಾತಿಯ ಔಷಧಿ, ಅಂದ್ರೆ ಅಮಾಕ್ಸಿಸಿಲಿನ್, ಆಂಪಿಸಿಲಿನ್ ಎಲ್ಲ, ಬಾಯಿಗೆ ಹಾಕಿದ್ರೆ ಗಿನಿಪಿಗ್ ಕರುಳಲ್ಲಿರೋ ಒಳ್ಳೇ ಬ್ಯಾಕ್ಟೀರಿಯಾ ಸತ್ತು ಕ್ಲಾಸ್ಟ್ರಿಡಿಯಂ ಅನ್ನೋ ಕೆಟ್ಟದ್ದು ಬೆಳೆದು ವಿಷ ಬಿಡುತ್ತೆ, ಭೇದಿ ಹತ್ತಿ ಕೆಲವೇ ದಿನಕ್ಕೆ ಪ್ರಾಣ ಹೋಗುತ್ತೆ. ನಾಯಿಗೆ, ಮಕ್ಕಳಿಗೆ ದಿನಾ ಕೊಡೋ ಔಷಧಿ ಇದು, ಅದಕ್ಕೇ ಯಾರಿಗೂ ಅನುಮಾನ ಬರಲ್ಲ. ದಯವಿಟ್ಟು ಇದೊಂದನ್ನ ಮನೆಯ ಕ್ಯಾಲೆಂಡರ್ ಮೇಲೆ ದೊಡ್ಡಕ್ಷರದಲ್ಲಿ ಬರೆದಿಡಿ. ಆಂಟಿಬಯಾಟಿಕ್ ಬೇಕೇ ಬೇಕು ಅಂದ್ರೆ ಇವಕ್ಕೆ ಆಗೋದು ಬೇರೆ ಇದಾವೆ, ಅದನ್ನ ಡಾಕ್ಟ್ರು ತೂಕ ನೋಡಿ ಬರೀಬೇಕು. ಕಡ್ಲೆಗೆ ಬೇಕಾಗ್ಲಿಲ್ಲ.

ಔಷಧಿ ಬರೆಯೋ ಮೊದ್ಲು ನಮ್ಮೆದುರೇ ಬೆಂಗಳೂರಿನ ಹೆಬ್ಬಾಳದ ವೆಟರ್ನರಿ ಕಾಲೇಜಲ್ಲಿ ಜೊತೆಗೆ ಓದಿದವರೊಬ್ಬರಿಗೆ ಫೋನ್ ಮಾಡಿ ಡೋಸ್ ಕೇಳಿ ಖಾತ್ರಿ ಮಾಡ್ಕೊಂಡ್ರು, ಸ್ಪೀಕರ್ ಹಾಕಿಯೇ ಮಾತಾಡಿದ್ರು. ಕೆಲವರಿಗೆ ಇದು ಕಡಿಮೆ ಅನ್ಸಬಹುದು, ನನಗೆ ಅವರ ಮೇಲಿನ ನಂಬಿಕೆ ಡಬಲ್ ಆಗಿದ್ದೇ ಅಲ್ಲಿ. ನೋವಿಗೆ ಒಂದು, ಕರುಳು ನಡೆಯೋಕೆ ಒಂದು ಇಂಜೆಕ್ಷನ್, ಗ್ಯಾಸಿಗೆ ಡ್ರಾಪ್ಸ್, ಭುಜದ ಹತ್ರ ಚರ್ಮದಡಿಗೆ ಸಲೈನ್. ಆ ಸಲೈನ್ ಬಾಟ್ಲಿಯನ್ನ ಬಿಸಿನೀರಿನ ಪಾತ್ರೆಯಲ್ಲಿಟ್ಟು ಉಗುರು ಬೆಚ್ಚಗೆ ಮಾಡಿ, ತಮ್ಮ ಮಣಿಕಟ್ಟಿನ ಮೇಲೆ ಎರಡು ಹನಿ ಬಿಟ್ಕೊಂಡು ನೋಡಿ ಆಮೇಲೆ ಚುಚ್ಚಿದ್ರು, ಮೊದ್ಲೇ ಮೈ ತಣ್ಣಗಿರೋದಕ್ಕೆ ತಣ್ಣೀರು ಹಾಕಬಾರದು ಅಂತ. ಸಲೈನ್ ಹೋದ ಕಡೆ ಚರ್ಮ ಸಣ್ಣ ಗುಳ್ಳೆ ಥರ ಉಬ್ಬುತ್ತೆ, ಹೆದರ್ಬೇಡಿ, ನಿಧಾನಕ್ಕೆ ಮೈಗೆ ಹೀರುತ್ತೆ.

ಅಲ್ಲಿ ಹಸು ಔಷಧಿಗೆ ಬಂದ ಅಜ್ಜ ಒಬ್ರು ಬಾಗಿಲಲ್ಲಿ ನಿಂತು ನೋಡ್ತಾ ಇದ್ರು, "ಎಂತದೇ ತಂಗಿ ಅದು, ಹೆಗ್ಗಣನ? ಇದ್ಕೂ ಇಂಜೆಕ್ಷನ್ನಾ?" ಅಂದ್ರು. ನಾನು ಏನೂ ಹೇಳೋ ಮೊದ್ಲೇ ಡಾಕ್ಟ್ರು "ಭಟ್ರೇ, ನಿಮ್ಮ ಗೌರಿಗೆ ನೋವಾದ ಹಾಂಗೇ ಇದ್ಕೂ ನೋವಾಗ್ತು" ಅಂದ್ರು, ಅಷ್ಟೇ, ಕೆಲಸ ಮುಂದುವರ್ಸಿದ್ರು. ಅಜ್ಜ ಪಾಪ, ಆಮೇಲೆ ಹತ್ರ ಬಂದು ಬೆರಳಲ್ಲಿ ಅದರ ತಲೆ ಸವರಿ ಹೋದ್ರು.

ಮನೇಲಿ ಊಟ ಮಾಡ್ಸೋದನ್ನ ಕಾಂಪೌಂಡರ್ ಕೈ ಹಿಡಿದು ಕಲಿಸಿದ್ರು, ನಿಜವಾದ ಚಿಕಿತ್ಸೆ ಇದೇ. ಒಳ್ಳೇ ಹುಲ್ಲಿನ ಪೆಲೆಟ್ ನೀರಲ್ಲಿ ನೆನೆಸಿ ಮಿಕ್ಸಿಯಲ್ಲಿ ನುಣ್ಣಗೆ ಮಾಡಿ, ಸೂಜಿ ಇಲ್ಲದ 1 ಎಂಎಲ್ ಸಿರಿಂಜಿನ ತುದಿ ಕತ್ತರಿಸಿ, ಕತ್ತರಿಸಿದ ಅಂಚನ್ನ ಉಜ್ಜಿ ನಯ ಮಾಡಿ, ಪ್ರಾಣಿನ ಟವೆಲಲ್ಲಿ ಸುತ್ತಿ ಮಡಿಲಲ್ಲಿ ಕೂರ್ಸ್ಕೊಂಡು, ಮುಂದಿನ ಹಲ್ಲಿನ ಹಿಂದೆ ಬಾಯಿ ಪಕ್ಕದಿಂದ ಸ್ವಲ್ಪ ಸ್ವಲ್ಪ. ಅಗಿದು ನುಂಗೋ ತನಕ ಕಾಯ್ಬೇಕು, ಅಂಗಾತ ಮಲಗ್ಸಿ ಹಾಕಿದ್ರೆ ಶ್ವಾಸಕೋಶಕ್ಕೆ ಹೋಗುತ್ತೆ. ಮೂರು ನಾಲ್ಕು ಗಂಟೆಗೊಮ್ಮೆ 8ರಿಂದ 10 ಎಂಎಲ್, ರಾತ್ರೀನೂ ಬಿಡೋ ಹಾಗಿಲ್ಲ, ನಾನು ಇವರು ಪಾಳಿ ಹಾಕ್ಕೊಂಡು ಎದ್ವಿ. ಮೊದ್ಲು ಬಾಯಿಗೆ ಹಾಕಿದ್ದೆಲ್ಲ ಗದ್ದದಿಂದ ಇಳೀತಿತ್ತು, ಆಮೇಲೆ ಆಮೇಲೆ ಸಿರಿಂಜ್ ಕಂಡ್ರೆ ತಾನೇ ಬಾಯಿ ಹಾಕಿ ಎಳೀತಿದ್ಲು. ವಿಟಮಿನ್ ಸಿ ಡ್ರಾಪ್ಸನ್ನ ನೀರಿನ ಬಾಟ್ಲಿಗೆ ಹಾಕ್ಬೇಡಿ, ನೀರಲ್ಲಿ ಅದು ಉಳಿಯಲ್ಲ, ಎಷ್ಟು ಕುಡೀತು ಅಂತಾನೂ ಗೊತ್ತಾಗಲ್ಲ, ನೇರ ಬಾಯಿಗೇ ಹಾಕಿ ಅಂದ್ರು.

ಮೊದಲ ಹಿಕ್ಕೆ ಬಿದ್ದಾಗ ಸಾಸಿವೆಗಿಂತ ಸ್ವಲ್ಪ ದೊಡ್ಡದು, ಕಪ್ಪಗೆ ಒಣಗಿದ್ದು, ಮಾಣಿ ಅದನ್ನ ಫೋಟೋ ತೆಗೆದು ಡಾಕ್ಟ್ರಿಗೆ ವಾಟ್ಸಾಪ್ ಮಾಡಿದ, ಬೆಳಗಿನ ಜಾವ ಕಳ್ಸಿದ ಫೋಟೋಕ್ಕೆ ಅವರು ಹಳ್ಳಿಗೆ ಹೊರಡೋ ಮೊದ್ಲೇ ಉತ್ತರ ಹಾಕಿದ್ರು, "ಒಳ್ಳೇ ಸುದ್ದಿ, ಫೀಡಿಂಗ್ ನಿಲ್ಲಿಸ್ಬೇಡಿ". ಎಲ್ಲ ಸರಿ ಆಗೋ ತನಕ ದಿನಾ ತೂಕ ಕಳ್ಸಿ ಅಂದಿದ್ರು, ಕಳ್ಸಿದ್ವಿ, ಒಂದು ಸಲಾನೂ ಉತ್ತರ ಬರದೇ ಇರ್ಲಿಲ್ಲ. ಅದಕ್ಕೆ ಬೇರೆ ದುಡ್ಡೂ ತಗೊಳ್ಲಿಲ್ಲ. ಕಡ್ಲೆ ಈಗ 850 ದಾಟಿದಾಳೆ, ಬೆಲ್ಲನ ಬಾಯಿಂದ ಕ್ಯಾರೆಟ್ ಕಿತ್ಕೊಂಡು ಓಡ್ತಾಳೆ.

ಖರ್ಚು ಹೇಳ್ಬೇಕು. ನೋಡಿದ್ದಕ್ಕೆ 300 ರೂಪಾಯಿ, ಇಂಜೆಕ್ಷನ್ ಸಲೈನ್ ಎಲ್ಲ ಸೇರಿ ಮೊದಲ ದಿನ ಸಾವಿರದೊಳಗೇ ಮುಗೀತು, ಡ್ರಾಪ್ಸ್ ಎಲ್ಲ ಹೊರಗಿನ ಮೆಡಿಕಲ್ ಅಂಗಡಿಯಿಂದ ತಗೋಬೇಕು. ನನ್ನ ಪ್ರಕಾರ ಇದು ಬಹಳ ನ್ಯಾಯದ ರೇಟು.

ಕೊರತೆ ಇಲ್ಲ ಅಂತಲ್ಲ. ಎಕ್ಸ್‌ರೇ ಇಲ್ಲ. ಮೂತ್ರದಲ್ಲಿ ಕಲ್ಲು ಅನುಮಾನ ಬಂದ್ರೆ, ಗಿನಿಪಿಗ್ಗಿಗೆ ಅದು ಜಾಸ್ತಿ, ಅಥವಾ ದವಡೆ ಹಲ್ಲು ಅರಿವಳಿಕೆ ಕೊಟ್ಟು ಉಜ್ಜೋದಿದ್ರೆ ಇಲ್ಲಿ ಆಗಲ್ಲ, ಶಿವಮೊಗ್ಗದ ವೆಟರ್ನರಿ ಕಾಲೇಜಿಗೋ ಹುಬ್ಬಳ್ಳಿಗೋ ಹೋಗಿ ಅಂತ ಅವರೇ ಮುಂಚೆ ಹೇಳ್ಬಿಡ್ತಾರೆ. ಹುಬ್ಬಳ್ಳಿ ಅಂದ್ರೆ ಇಲ್ಲಿಂದ ನೂರು ಕಿಲೋಮೀಟರ್ ಹತ್ತಿರ, ಹುಷಾರಿಲ್ಲದ ಪ್ರಾಣಿ ಇಟ್ಕೊಂಡು ಅಷ್ಟು ದೂರ ಹೋಗೋದು ಸಣ್ಣ ಕಷ್ಟ ಅಲ್ಲ. ರಾತ್ರಿ ಕ್ಲಿನಿಕ್ ತೆಗೆಯಲ್ಲ, ಫೋನಲ್ಲಿ ಮಾತ್ರ. ಬೆಳಗ್ಗೆ ಎಂಟರಿಂದ ಮಧ್ಯಾಹ್ನದ ತನಕ ಯಾರಿಗಾದ್ರೂ ದನ ಕರು ಹಾಕೋಕೆ ತೊಂದ್ರೆ ಆದ್ರೆ ಅಲ್ಲಿಗೇ ಹೋಗ್ತಾರೆ, ಅದು ಸರೀನೇ, ಆದ್ರೆ ಆ ಹೊತ್ತಿಗೆ ಹೋದವರು ಬಾಗಿಲ ಮುಂದೆ ಕಾಯ್ಬೇಕಾಗುತ್ತೆ, ಕಾಂಪೌಂಡರ್ ಇರ್ತಾರೆ ಅಷ್ಟೇ.

ಊಟದ ಬಗ್ಗೆ ಅವರು ಹೇಳಿ ಕಳ್ಸಿದ್ದನ್ನೂ ಹಾಕ್ತೀನಿ, ಕೇಳೋರು ಇರ್ತಾರೆ. ಗಿನಿಪಿಗ್ಗಿಗೆ ಹಾಕೋ ಟಿಮೊಥಿ ಅನ್ನೋ ಒಣಹುಲ್ಲು ನಮ್ಮಲ್ಲಿ ಸಿಗಲ್ಲ, ತರ್ಸಿದ್ರೂ ಮಳೆಗಾಲದಲ್ಲಿ ಬೂಸ್ಟು ಹಿಡೀದ ಹಾಗೆ ಇಡೋದು ಕಷ್ಟ. ಬೇಣದ ಕರಡ, ಅಂದ್ರೆ ಹುಲ್ಲುಗಾವಲಿನ ಒಣಹುಲ್ಲು, ಇದೆಯಲ್ಲ, ಚೊಕ್ಕ ಒಣಗಿದ್ದು, ಮುಳ್ಳಿಲ್ಲದ್ದು ಆರಿಸಿ ಹಾಕಿ, ಯಾವಾಗ್ಲೂ ಎದುರಿಗೆ ಇರ್ಲಿ, ಗರಿಕೆ ತೊಳೆದು ನೀರು ಆರಿಸಿ ಕೊಡಿ. ಪೇರಲೆ 100 ಗ್ರಾಮಲ್ಲಿ ಸುಮಾರು 200 ಮಿಲಿಗ್ರಾಂ ವಿಟಮಿನ್ ಸಿ ಇರುತ್ತೆ, ಹಾಗಾಗಿ ಸಣ್ಣ ಹೋಳು ಸಾಕು, ಸಿಹಿ ಇರೋದ್ರಿಂದ ಜಾಸ್ತಿ ಬೇಡ, ದಿನದ ಲೆಕ್ಕಕ್ಕೆ ಡೊಣ್ಣಮೆಣಸು ಒಳ್ಳೇದು. ಪೆಲೆಟ್ ಸಣ್ಣ ಪ್ಯಾಕೆಟ್ಟೇ ತಗೊಳ್ಳಿ, ತಾರೀಕಿನ ಮೇಲೆ ಸ್ಟಿಕರ್ ಇದ್ರೆ ವಾಪಸ್ ಮಾಡಿ.

ಕುಮಟಾ, ಹೊನ್ನಾವರ ಕಡೆಯಿಂದ ದೇವಿಮನೆ ಘಟ್ಟ ಹತ್ತಿ ಬರೋರು ಹೊರಡೋ ಮೊದ್ಲು ಡಾಕ್ಟ್ರು ಇದಾರಾ ಅಂತ ಕ್ಲಿನಿಕ್ಕಿಗೂ, ರೋಡ್ ಓಪನ್ ಇದೆಯಾ ಅಂತ ಯಾರಿಗಾದ್ರೂ ಫೋನ್ ಮಾಡ್ಕೊಳ್ಳಿ, ಮಳೆಗಾಲದಲ್ಲಿ ಗುಡ್ಡ ಕುಸಿದ್ರೆ ಗಾಡಿ ಎಲ್ಲಿ ನಿಲ್ಲುತ್ತೆ ಹೇಳೋಕಾಗಲ್ಲ. ಡಬ್ಬದಲ್ಲಿ ಹುಲ್ಲು, ಒಂದು ತುಂಡು ಸೌತೆಕಾಯಿ, ಬಿಸಿನೀರಿನ ಬಾಟ್ಲಿ ಇಟ್ಕೊಂಡೇ ಹೊರಡಿ, ಜೋಡಿ ಇದ್ರೆ ಜೋಡೀನೂ ಇರ್ಲಿ.